ಹಾಲಮ್ಮನ ಮುಖ

ನ್ಯಾಮತಿ ತಾಲ್ಲೂಕು ಕೇಂದ್ರವಾದ ಮರುವರ್ಷ, ಮಹಾಲಯ ಅಮಾವಾಸ್ಯೆಗೆ ಒಂದು ವಾರವಿರುವಾಗ, ಚಿತ್ರಗಾರ ಪಾಲಯ್ಯ ತಾವೇ ಬರೆದಿದ್ದ ಹಾಲಮ್ಮನ ಮುಖದ ಮೇಲೆ ಬಣ್ಣ ಹಚ್ಚಿ ಅದನ್ನು ಹೊನ್ನಾಳಿಯ ಗೌರಮ್ಮನ ಮುಖ ಮಾಡಿದರು. ಹಾಲಮ್ಮ ಆಗ ಬದುಕಿದ್ದರು, ಈಗಲೂ ಇದ್ದಾರೆ. ಗೌರಮ್ಮ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದರು.

ಆ ವರ್ಷ ನಾನು ಪತ್ರಿಕೆಯ ವರದಿಗಾರನಾಗಿ ನ್ಯಾಮತಿಯಲ್ಲಿದ್ದೆ. ಹೊಸ ತಾಲ್ಲೂಕಿನ ಕಚೇರಿಗಳು ಒಂದೊಂದಾಗಿ ಬಾಡಿಗೆ ಕಟ್ಟಡಗಳಿಗೆ ಬರುತ್ತಿದ್ದವು. ಅದನ್ನು ನೋಡಿಕೊಂಡು ಬರೆಯಲು ಒಬ್ಬರು ಅಲ್ಲೇ ಇರಲಿ ಎಂದು ಕಳುಹಿಸಿದ್ದರು. ವರ್ಷ ತುಂಬಿದ ಮೇಲೆ ವಾಪಸು ಕರೆಸಿಕೊಂಡರು. ಮೊನ್ನೆ ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವಾಗ ಬಸ್ಸು ನ್ಯಾಮತಿಯಲ್ಲಿ ಕೆಟ್ಟು ನಿಂತಿತು. ರಸ್ತೆಬದಿಯ ಹೊಸ ಮನೆಯೊಂದರ ಮುಂದೆ ಬಡಗಿಯೊಬ್ಬ ಬಾಗಿಲಿಗೆ ಅಗಸೆ ಎಣ್ಣೆ ಒರೆಸುತ್ತಿದ್ದ. ಆ ವಾಸನೆಗೆ ಪಾಲಯ್ಯನವರ ಕೋಣೆ ಹಾಗೇ ಕಣ್ಣ ಮುಂದೆ ಬಂತು.

ಗೊಬ್ಬರದ ಅಂಗಡಿಯೊಂದರ ಹಿಂಭಾಗದಲ್ಲಿ, ನಾನು ಬಾಡಿಗೆಗಿದ್ದ ಮಾಳಿಗೆಯ ಕೆಳಗೆ ಆ ಕೋಣೆ. ಅಂಗಡಿಯ ಕಡೆಯಿಂದ ಯೂರಿಯಾ ಘಾಟು, ಕೋಣೆಯೊಳಗಿನಿಂದ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ವಾಸನೆ. ಉತ್ತರಕ್ಕೆ ಒಂದೇ ಕಿಟಕಿ. ಗೋಡೆಗೆ ಒರಗಿಸಿಟ್ಟ ಮುಖಗಳು: ರುಮಾಲಿನ ಗೌಡರು, ಕನ್ನಡಕದ ಹೆಡ್‌ಮಾಸ್ತರರು, ಬೈಕಿನಿಂದ ಬಿದ್ದು ಸತ್ತ ಹುಡುಗ, ಮೂಗುಬಟ್ಟಿನ ಅಜ್ಜಿಯರು. ಎಲ್ಲರೂ ತೀರಿಹೋದವರು. ಪಾಲಯ್ಯ ಬರೆಯುತ್ತಿದ್ದದ್ದು ಸತ್ತವರನ್ನು ಮಾತ್ರ.

ಅದು ಅವರು ಬಯಸಿ ಆರಿಸಿಕೊಂಡದ್ದಲ್ಲ. ಅವರ ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಪ್ಪ ಕುರಿ ಕಾಯುತ್ತಿದ್ದರು. ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೇಷ್ಟ್ರ ಮುಖ ಬರೆದು ಏಟು ತಿಂದದ್ದು, ಅದೇ ಮೇಷ್ಟ್ರು ಮುಂದೆ ದಾವಣಗೆರೆಗೆ ಕರೆದುಕೊಂಡು ಹೋಗಿ ಚಿತ್ರಕಲೆ ಕಲಿಯಲು ಸೇರಿಸಿದ್ದು, ಇವೆರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅಲ್ಲಿ ಕಲಿತದ್ದು ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಹಮಾಲರು, ಹೂ ಮಾರುವವರು, ಜಟಕಾ ಹೊಡೆಯುವವರು ಬಂದು ಕುಳಿತಿದ್ದರಂತೆ. ಆಮೇಲೆ ಸಿನಿಮಾ ಬ್ಯಾನರು ಬರೆದರು. ಬ್ಯಾನರು ಫ್ಲೆಕ್ಸ್ ಆದಾಗ ಹೆಂಡತಿಯ ಊರಾದ ನ್ಯಾಮತಿಗೆ ಬಂದರು. ಇಲ್ಲಿ ಸಿಕ್ಕ ಮೊದಲ ಕೆಲಸ ತೀರಿಹೋದ ವ್ಯಾಪಾರಿಯೊಬ್ಬರ ಚಿತ್ರ. ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂದದ್ದೇ ಕಷ್ಟಕ್ಕಿಟ್ಟುಕೊಂಡಿತು.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರ ಚಿತ್ರ ಮುಂದಿಡುತ್ತಾರೆ. ಪಾಲಯ್ಯ ಬರೆದ ಚಿತ್ರವಾದರೆ ಹಿರಿಯರು ಬಂದು ಕೂತಂತೆಯೇ ಎಂದು ಹೊನ್ನಾಳಿ, ಚನ್ನಗಿರಿ ಕಡೆಯಿಂದೆಲ್ಲ ಜನ ಬರತೊಡಗಿದರು. ಅದರ ಜೊತೆಗೆ ಇನ್ನೊಂದು ಮಾತೂ ಹುಟ್ಟಿತು: ಪಾಲಯ್ಯ ಬರೆದರೆ ಗೋಡೆ ಸೇರಿದ ಹಾಗೆ. ಬದುಕಿರುವ ಯಾರೂ ಅವರ ಎದುರು ಕೂರಲು ಒಪ್ಪುತ್ತಿರಲಿಲ್ಲ. ಹೋಟೆಲಿನಲ್ಲಿ ಅವರು ಯಾರನ್ನಾದರೂ ಒಂದು ಗಳಿಗೆ ನೆಟ್ಟು ನೋಡಿದರೆ, "ಅಣ್ಣಾ, ನನ್ನ ಯಾಕ್ ನೋಡ್ತೀಯಪ್ಪ, ನನಗಿನ್ನೂ ಸಣ್ಣ ಮಕ್ಕಳು ಅದಾವೆ" ಎಂದು ನಕ್ಕು ಕುರ್ಚಿ ತಿರುಗಿಸುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೆ ಕುರ್ಚಿಯನ್ನು ತಿರುಗಿಸದೆ ಇರುತ್ತಿರಲಿಲ್ಲ.

"ನಿಮ್ಮ ಹೆಂಡತಿ?" ಎಂದು ನಾನು ಒಮ್ಮೆ ಕೇಳಿದೆ. ಅವರು ತೀರಿಕೊಂಡು ವರ್ಷಗಳಾಗಿದ್ದವು.

"ಆಕೀನೂ ಕೂರ್‍ಲಿಲ್ಲ. ಅಡಿಗಿ ಮಾಡಾಕೆ ಕುಂತಾಗ ಕದ್ದು ನೋಡಿ ಬರಿಯಾಕೆ ಹೋದೆ, ಸೌಟು ಬೀಸಿ ಒಗೆದ್ಲು. ಆಮೇಲೆ ಬರೆದೆ ಬಿಡ್ರಿ. ಮದುವಿ ಫೋಟೋ ಇಟ್ಕಂಡು."

ಫೋಟೋ ನೋಡಿ ಬರೆಯುವುದನ್ನು ಅವರು ಕೆಲಸ ಎನ್ನುತ್ತಿದ್ದರೇ ಹೊರತು ಚಿತ್ರ ಎನ್ನುತ್ತಿರಲಿಲ್ಲ. "ಫೋಟೋದಾಗಿರೋದು ಒಂದೇ ಮುಖ ಸಾರ್. ಮನುಷ್ಯ ಎದುರಿಗೆ ಕುಂತ್ರೆ ಒಂದು ತಾಸಿಗೆ ನೂರು ಮುಖ ಬಂದು ಹೋಗ್ತಾವೆ. ಅದ್ರಾಗೆ ಯಾವುದು ಅವನದು ಅಂತ ಹುಡುಕಬೇಕು. ಅದೇ ವಿದ್ಯೆ. ಅದನ್ನ ಕಲ್ತು ನಾನು ಓಟಿನ ಕಾರ್ಡು ದೊಡ್ಡದು ಮಾಡಿಕೊಡ್ತಾ ಕುಂತೀನಿ."

ಫೋಟೋನೇ ಇಲ್ಲದವರಿಗೆ ಅವರದೊಂದು ಕ್ರಮವಿತ್ತು. ಮನೆಯವರನ್ನೆಲ್ಲ ಕರೆಸುವುದು. ಮಗನ ಮೂಗು, ತಂಗಿಯ ಗದ್ದ, ಮೊಮ್ಮಗಳ ಹಣೆ, ಹೀಗೆ ಬದುಕಿರುವವರಿಂದ ಚೂರು ಚೂರು ತೆಗೆದು ಸತ್ತವರನ್ನು ಮಾಡುವುದು. ಮೂಗು ಕೊಡಲು ಯಾರೂ ಹೆದರುತ್ತಿರಲಿಲ್ಲ. ಇಡೀ ಮುಖ ಕೇಳಿದರೆ ಮಾತ್ರ ಎದ್ದು ಹೋಗುತ್ತಿದ್ದರು. ಕಣ್ಣುಗಳನ್ನು ಕೊನೆಗೆ ಬರೆಯುತ್ತಿದ್ದರು, ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿಮ್ಮ ಕಡೆ ಹೆಂಗೆ ನೋಡ್ತಿದ್ರು, ಹೇಳ್ರಿ" ಎಂದು ಕೇಳುತ್ತ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಇದು ಹೆಚ್ಚಾಗುವ ಕಾಯಿಲೆಯೇ ಹೊರತು ನಿಲ್ಲುವುದಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಪಾಲಯ್ಯ ನನಗೆ ಮೊದಲ ಸಲ ಈ ವಿಷಯ ಹೇಳಿದ ದಿನ ಆಷಾಢದ ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು. ಅವರು ಎದ್ದು ಅದಕ್ಕೊಂದು ಬಟ್ಟೆ ತುರುಕಿ ಬಂದು ಕುಳಿತರು.

"ಒಂದು ಮುಖ ಬೇಕು ಸಾರ್, ಬದುಕಿರೋ ಮುಖ. ಕೈ ನಿಲ್ಲೋದ್ರೊಳಗೆ ಒಂದೇ ಒಂದು. ಆಮೇಲೆ ಹೋದ್ರೆ ಹೋಗ್ಲಿ."

ನಾನು ಕೂರುತ್ತೇನೆ ಎಂದೆ. ಕೂತೆ ಕೂಡ. ಅವರು ಪೆನ್ಸಿಲ್ಲು ಹಿಡಿದು ಸಾಕಷ್ಟು ಹೊತ್ತು ನೋಡಿದರು, ನಾಲ್ಕು ಗೆರೆ ಎಳೆದರು, ಕೆಳಗಿಟ್ಟರು. "ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮ್ಮ ಮುಖದಾಗೆ ಏನೂ ಇಲ್ಲ. ಬ್ಯಾರೆಯೋರ ಸುದ್ದಿ ಬರೆದು ಬರೆದು ಹಂಗಾಗೈತೇನೋ." ಅವರು ಕುಹಕಕ್ಕೆ ಹೇಳಿದ್ದಲ್ಲ. ನಾನೂ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

ಗೊಬ್ಬರದಂಗಡಿಯ ಎದುರಿಗೆ, ರಸ್ತೆಯಾಚೆ, ಹಾಲಮ್ಮನ ಮಂಡಕ್ಕಿ-ಮೆಣಸಿನಕಾಯಿ ಗಾಡಿ ಇತ್ತು. ಅವರು ಗಂಡ ಸತ್ತ ಮೇಲೆ ಒಬ್ಬರೇ ಅದನ್ನು ನಡೆಸುತ್ತಿದ್ದರು. ಐವತ್ತು ದಾಟಿದ ಹೆಂಗಸು, ದೊಡ್ಡ ದನಿ, ಎಡ ಹುಬ್ಬಿನ ಮೇಲೆ ಎಣ್ಣೆ ಸಿಡಿದ ಕಲೆ, ತುಟಿಯ ಪಕ್ಕ ಒಂದು ಮಚ್ಚೆ. ಒಬ್ಬಳೇ ಮಗಳು ರೇಣುಕಾಳನ್ನು ಬಸವಾಪಟ್ಟಣಕ್ಕೆ ಕೊಟ್ಟಿದ್ದರು. ಆ ಮಳೆಗಾಲ ರೇಣುಕಾ ಬಸುರಿ. ಚೊಚ್ಚಲು. ದಸರಾ ಮುಗಿದ ಮೇಲೆ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಹಾಲಮ್ಮ ಮಗುವಿಗೆಂದು ಹಳೆಯ ಸೀರೆಗಳ ಕೌದಿ ಹೊಲಿಯುತ್ತ, ಗಿರಾಕಿ ಬಂದರೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಾಣಲೆಗೆ ಏಳುತ್ತಿದ್ದರು.

ಪಾಲಯ್ಯನವರ ಹುಡುಕಾಟ ರಸ್ತೆಗೆಲ್ಲ ಗೊತ್ತಿತ್ತು. ಒಂದು ಸಂಜೆ ನಾನೂ ಪಾಲಯ್ಯನವರೂ ಮೆಣಸಿನಕಾಯಿ ಕಟ್ಟಿಸಿಕೊಳ್ಳಲು ಹೋದಾಗ ಹಾಲಮ್ಮನೇ ಅವರನ್ನು ಕೇಳಿದರು: "ಯಾರೂ ಸಿಗ್ಲಿಲ್ಲೇನ್ರಿ ನಿಮಗೆ?"

"ಎಲ್ಲಿ ಸಿಗ್ತಾರೆ ಬಿಡವ್ವ."

"ನಾನು ಕುಂತ್ರೆ ನಡೀತದಾ?"

ಗಾಡಿಯ ಮುಂದೆ ನಿಂತಿದ್ದ ಇಬ್ಬರು ತಿನ್ನುವುದನ್ನು ನಿಲ್ಲಿಸಿದರು. ಹಾಲಮ್ಮ ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತಲೇ ಮಾತು ಮುಂದುವರಿಸಿದರು. "ನನ್ನ ಗಂಡನ್ನ ನೀವು ಬರೆದುಕೊಟ್ರಿ. ಬಾಳ ಒಳ್ಳೇನಂಗೆ ಕಾಣ್ತಾನೆ ಅದ್ರಾಗೆ. ಅಷ್ಟೊಂದು ಒಳ್ಳೇನಿರ್‍ಲಿಲ್ಲ ಆತ. ನಂದಾದ್ರೂ ನೋಡಿ ಬರೀರಿ, ಇದ್ದಂಗೆ ಬರ್‍ತದಾ ನೋಡಾನ."

"ಜನ ಏನೇನೋ ಅಂತಾರೆ ಹಾಲಮ್ಮ."

"ಜನ ಮಂಡಕ್ಕಿಗೆ ಉಪ್ಪು ಕಮ್ಮಿ ಅಂತಾರೆ, ತಿಂದೂ ಹೋಗ್ತಾರೆ."

ಶ್ರಾವಣ ಹಿಡಿದಾಗಿನಿಂದ ಮಧ್ಯಾಹ್ನದ ಹೊತ್ತು, ಗಿರಾಕಿ ಇಲ್ಲದಾಗ, ಅವರು ಬಂದು ಕೂರತೊಡಗಿದರು. ಗಾಡಿಯನ್ನು ಪಕ್ಕದ ಟೀ ಅಂಗಡಿಯವರಿಗೆ ನೋಡಿಕೊಳ್ಳಲು ಹೇಳಿ ಬರುತ್ತಿದ್ದರು. ಪಾಲಯ್ಯ ಅವರನ್ನು ಕಿಟಕಿಯ ಬೆಳಕು ಕೆನ್ನೆಗೆ ಬೀಳುವಂತೆ, ಬಾಗಿಲಿನ ಕಡೆ ಮುಖ ಮಾಡಿ ಕೂರಿಸಿದ್ದರು. ಬಾಗಿಲಿನಿಂದ ಅಂಗಡಿಯ ಓಣಿ, ಓಣಿಯ ತುದಿಗೆ ರಸ್ತೆ, ರಸ್ತೆಯಾಚೆ ಗಾಡಿ ಕಾಣುತ್ತಿತ್ತು. ಹಾಲಮ್ಮನ ಕಣ್ಣು ಅಲ್ಲೇ ಇರುತ್ತಿತ್ತು. ಮೊದಮೊದಲು ಬಿಗಿಯಾಗಿ, ಫೋಟೋಕ್ಕೆ ಕೂತವರಂತೆ ಕೂರುತ್ತಿದ್ದರು. ಪಾಲಯ್ಯ ಬಣ್ಣ ಮುಟ್ಟದೆ ಕಾಯುತ್ತಿದ್ದರು. ನಾಲ್ಕೈದು ಮಧ್ಯಾಹ್ನ ಕಳೆದ ಮೇಲೆ ಹಾಲಮ್ಮನಿಗೆ ತಾವು ಕೂತಿರುವುದು ಮರೆತುಹೋಯಿತು. ಆವತ್ತು ಪಾಲಯ್ಯ ಕಂದು ಬಣ್ಣದ ತಳ ಹಾಕಿದರು. ಕೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆಯುತ್ತಿದ್ದರು. ಉಳಿದ ಚಿತ್ರಗಳಲ್ಲಿ ಕಣ್ಣು ಕೊನೆಗೆ. ಇದರಲ್ಲಿ ಮೊದಲು ಬರೆದದ್ದೇ ಕಣ್ಣು.

ನಾನು ಚಿತ್ರಕಲೆ ಬಲ್ಲವನಲ್ಲ. ನೋಡಿದ್ದನ್ನು ಹೇಳುತ್ತೇನೆ. ಕ್ಯಾನ್ವಾಸಿನ ಮೇಲೆ ಇದ್ದದ್ದು ಹಾಲಮ್ಮನೇ. ಗೋಡೆಗೆ ಒರಗಿದ್ದ ಉಳಿದ ಮುಖಗಳೆಲ್ಲ ಅದರ ಮುಂದೆ ಫೋಟೋಗಳಂತೆ ಕಾಣುತ್ತಿದ್ದವು. ನಾನು ಅದರ ಬಗ್ಗೆ ಒಂದು ಲೇಖನ ಬರೆದು ಕಳಿಸಿದೆ. ಅದು ಪ್ರಕಟವಾಗಲಿಲ್ಲ.

ಆದರೆ ಸುದ್ದಿ ಹರಡಲು ಪತ್ರಿಕೆ ಬೇಕಿರಲಿಲ್ಲ. ಭಾದ್ರಪದ ಬರುವ ಹೊತ್ತಿಗೆ ಗಾಡಿಯ ಮುಂದೆ ಗಿರಾಕಿ ಕಡಿಮೆಯಾದರು. ಬಂದವರೂ ಹಾಲಮ್ಮನ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಅದುವರೆಗೆ ಯಾರೂ ವಿಚಾರಿಸಿದವರಲ್ಲ. "ಕೆಮ್ಮಾಕೂ ಬಿಡವಲ್ರು ಕಣ್ರಿ. ಒಂದ್ಸಲ ಕೆಮ್ಮಿದ್ರೆ ನಾಕು ಮಂದಿ ತಿರುಗಿ ನೋಡ್ತಾರೆ" ಎಂದು ಹಾಲಮ್ಮ ನಗುತ್ತಿದ್ದರು.

ಪಕ್ಷ ಶುರುವಾದ ಮೇಲೆ ಬಸವಾಪಟ್ಟಣದಿಂದ ಬೀಗಿತಿ ಸಿದ್ದಮ್ಮ, ಅಂದರೆ ರೇಣುಕಾಳ ಅತ್ತೆ, ಬಂದರು. ನಾನು ಆಗ ಪಾಲಯ್ಯನವರ ಕೋಣೆಯಲ್ಲೇ ಇದ್ದೆ. ಹಾಲಮ್ಮ ಕುಳಿತಿದ್ದರು. ಸಿದ್ದಮ್ಮ ಹೊಸ್ತಿಲಿನಾಚೆ ನಿಂತರು. ಒಳಗೆ ಕಾಲಿಡಲಿಲ್ಲ.

"ಬರ್‍ರಿ ಬೀಗ್ರೇ" ಎಂದರು ಹಾಲಮ್ಮ.

"ಬಂದು ಏನ್ಮಾಡ್ಲಿ? ನಮ್ಮೂರಾಗೆಲ್ಲ ಇದೇ ಮಾತಾಗೈತೆ. ನಿಮ್ಮ ಬೀಗ್ತೀನ ಪಾಲಯ್ಯ ಬರೀತಾನಂತೆ ಅಂತ ಬಂದು ಬಂದು ಹೇಳ್ತಾರೆ. ತುಂಬಿದ ಬಸುರೀನ ಇಂಥ ಮನಿಗೆ ಹೆಂಗ್ರಿ ಕಳ್ಸಾದು?"

"ನಾನು ಇಲ್ಲೇ ಅದೀನಲ್ರಿ, ಗುಂಡುಕಲ್ಲಿನಂಗೆ."

"ಇವತ್ತು ಅದೀರಿ. ಹೆರಿಗಿ ಹೊತ್ತಿಗೆ ಏನಾರ ಆದ್ರೆ ನಾನು ಯಾರನ್ನ ಕೇಳ್ಲಿ?"

ಸಿದ್ದಮ್ಮ ಜಗಳ ತೆಗೆಯಲು ಬಂದವರಲ್ಲ. ಅವರ ಸ್ವಂತ ಮಗಳೊಬ್ಬಳು ಬಾಣಂತಿಯಾಗಿದ್ದಾಗಲೇ ತೀರಿಹೋಗಿದ್ದಳು. ಅವಳ ಚಿತ್ರ ಬರೆದದ್ದೂ ಪಾಲಯ್ಯನೇ. ಮಾತಾಡುವಾಗ ಅವರು ಒಮ್ಮೆಯೂ ಕ್ಯಾನ್ವಾಸಿನ ಕಡೆ ನೋಡಲಿಲ್ಲ. ಚಿತ್ರ ಇರಬಾರದು, ಇದ್ದರೆ ರೇಣುಕಾ ಬರುವುದಿಲ್ಲ ಎಂದಷ್ಟೇ ಹೇಳಿದರು.

ಪಾಲಯ್ಯ ಬ್ರಷ್ಷನ್ನು ಡಬ್ಬಿಯಲ್ಲಿ ಇಟ್ಟರು. "ಹರಿದು ಹಾಕ್ಲೇನವ್ವ?"

"ಅಯ್ಯೋ ಬ್ಯಾಡ್ರಿ! ಬದುಕಿರೋಳ ಮುಖ ಹರೀತಾರಾ?"

"ಸುಡ್ಲಾ?"

"ಶಿವನೇ!"

"ಬಿಳೀ ಬಣ್ಣ ಬಳೀಲಾ?"

"ಮುಖಾನೇ ಇಲ್ದಂಗೆ ಮಾಡ್ತೀರಾ?" ಸಿದ್ದಮ್ಮ ಅಳುವ ಹಾಗಿದ್ದರು.

"ಮತ್ತೆ ನಾನೇನ್ ಮಾಡ್ಲಿ ತಾಯಿ, ನೀನೇ ಹೇಳು."

ಅಂಗಡಿಯಲ್ಲಿ ಗೊಬ್ಬರದ ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಪಾಲಯ್ಯನೇ ಹೇಳಿದರು. "ಬ್ಯಾರೆಯೋರ ಮುಖ ಮಾಡ್ತೀನಿ. ಆಗ ಇದು ನಿಮ್ಮ ಬೀಗ್ತೀದಲ್ಲ."

ಸಿದ್ದಮ್ಮ ಯೋಚಿಸಿದರು. "ಸತ್ತೋರದಾ?"

"ನನ್ನ ಹತ್ರ ಬ್ಯಾರೆ ಯಾರು ಅದಾರೆ?"

ಅದು ಸರಿ ಎಂದು ಸಿದ್ದಮ್ಮನಿಗೆ ಅನಿಸಿತು. ಸತ್ತವರ ಮುಖವಾದ ಮೇಲೆ ಬದುಕಿರುವವರಿಗೆ ಅದರ ಸಂಬಂಧವಿಲ್ಲ. ಎಲ್ಲರೂ ಹಾಲಮ್ಮನ ಕಡೆ ನೋಡಿದರು. ಅವರು ಸ್ಟೂಲಿನಿಂದ ಎದ್ದಿರಲಿಲ್ಲ.

"ಹಂಗಾದ್ರೆ ನನ್ನ ಮಗಳನ್ನ ಕಳ್ಸಿಕೊಡ್ತೀರಾ?"

"ಕಳ್ಸಿಕೊಡ್ತೀನಿ."

"ಮಾಡ್ರಿ ಪಾಲಯ್ಯನೋರೆ" ಎಂದು ಹೇಳಿ ಹಾಲಮ್ಮ ಎದ್ದು ಗಾಡಿಗೆ ಹೋದರು.

ಹೊನ್ನಾಳಿಯ ಗೌರಮ್ಮನ ಚಿತ್ರ ಅಮಾವಾಸ್ಯೆಗೆ ಬೇಕು ಎಂದು ಅವರ ಮಗ ನಾಗರಾಜಪ್ಪ ಹೇಳಿ ಹೋಗಿ ತಿಂಗಳುಗಳಾಗಿದ್ದವು. ಗೌರಮ್ಮನದು ಒಂದೇ ಫೋಟೋ, ಮಾಸಿದ ಓಟಿನ ಕಾರ್ಡಿನದು. ಪಾಲಯ್ಯ ಅದನ್ನು ಮುಟ್ಟಿರಲಿಲ್ಲ. ಹಾಲಮ್ಮನ ಚಿತ್ರದ ನಂತರ ಇನ್ನೊಂದನ್ನು ಮೊದಲಿನಿಂದ ಬರೆಯಲು ಕೈ ಉಳಿದಿರುತ್ತದೆ ಎಂಬ ಭರವಸೆ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ಮಚ್ಚೆ ಹೋಯಿತು. ಆಮೇಲೆ ಹುಬ್ಬಿನ ಮೇಲಿನ ಕಲೆ. ಕೂದಲು ಬೆಳ್ಳಗಾಯಿತು, ಕೆನ್ನೆ ಒಳಕ್ಕೆ ಹೋಯಿತು, ಹಣೆಗೆ ವಿಭೂತಿ ಬಂತು, ಮೂಗಿಗೆ ಇನ್ನೊಂದು ಮೂಗುಬಟ್ಟು ಬಂತು. ಊಟಕ್ಕೂ ಏಳಲಿಲ್ಲ. ಎಷ್ಟು ಸಲ ಬ್ರಷ್ಷು ಜಾರಿ ಬಿತ್ತೋ ಅಷ್ಟು ಸಲ ಬಗ್ಗಿ ಎತ್ತಿಕೊಂಡರು. ಮಧ್ಯಾಹ್ನ ಹಾಲಮ್ಮ ಸ್ಟೂಲಿನ ಹತ್ತಿರ ಬರಲಿಲ್ಲ. ಬಾಗಿಲಿನಿಂದ ಗಾಡಿ ಕಾಣುತ್ತಿತ್ತು, ಅವರು ಈ ಕಡೆಗೆ ಬೆನ್ನು ಮಾಡಿ ಹೊಲಿಯುತ್ತ ಕುಳಿತಿದ್ದರು.

"ಕಣ್ಣು?" ಎಂದೆ.

"ಕಣ್ಣು ಹಂಗೇ ಇರ್‍ಲಿ. ಅದನ್ನ ತಿದ್ದಾಕೆ ನನ್ನ ಕೈಲಿ ಆಗಲ್ಲ."

ಮೂರು ದಿನದ ಮೇಲೆ ನಾಗರಾಜಪ್ಪ ಬಂದರು. ಕಣ್ಣು ಬರೆಯುವಾಗ ಮನೆಯವರು ಪಕ್ಕದಲ್ಲಿರಬೇಕು ಎಂಬ ಕ್ರಮ ಗೊತ್ತಿದ್ದು, ಅದಕ್ಕೇ ಬಿಡುವು ಮಾಡಿಕೊಂಡು ಬಂದಿದ್ದರು. ಬಟ್ಟೆ ಸರಿಸಿದಾಗ ನಿಂತಲ್ಲೇ ನಿಂತರು. ಅರವತ್ತರ ಹತ್ತಿರದ ಮನುಷ್ಯ, ಬಾಯಿಗೆ ಟವೆಲ್ಲು ಒತ್ತಿಕೊಂಡರು.

"ನಮ್ಮವ್ವನೇ ಕಣ್ರಿ. ಉಂಡ್ಯೇನೋ ಅಂತ ಕೇಳ್ದಂಗೈತೆ. ಇನ್ನೇನೂ ಮುಟ್ಟಬ್ಯಾಡ್ರಿ. ಹೆಂಗೆ ಸಿಕ್ತು ನಿಮಗೆ ಈ ಕಣ್ಣು? ಕಾರ್ಡಿನಾಗೆ ಕಣ್ಣೇ ಕಾಣ್ತಿರ್‍ಲಿಲ್ವಲ್ರಿ."

"ಸಿಕ್ತು" ಎಂದರು ಪಾಲಯ್ಯ.

ನಾಗರಾಜಪ್ಪ ಬಗ್ಗಿ ಅವರ ಕಾಲು ಮುಟ್ಟಲು ಹೋದರು. ಪಾಲಯ್ಯ ಹಿಂದೆ ಸರಿದು ಗೋಡೆಗೆ ಒರಗಿದ್ದ ಚಿತ್ರಗಳ ಮೇಲೆ ಬೀಳುವ ಹಾಗಾದರು. ಚಿತ್ರಕ್ಕೆ ಅಡ್ಡಲಾಗಿ ಎರಡು ಕೋಲು ಕಟ್ಟಿ, ಹಸಿ ಬಣ್ಣಕ್ಕೆ ತಾಗದಂತೆ ಚಾದರ ಸುತ್ತಿ, ಗೂಡ್ಸ್ ಆಟೋದಲ್ಲಿಟ್ಟರು. ಆಟೋ ಹಾಲಮ್ಮನ ಗಾಡಿಯ ಮುಂದಿನಿಂದಲೇ ಹೋಯಿತು. ಆಗ ಅವರಿಗೆ ಗಿರಾಕಿ ಇದ್ದರು.

ಅದಾದ ಮೇಲೆ ಪಾಲಯ್ಯ ಏನನ್ನೂ ಬರೆಯಲಿಲ್ಲ. ಅಮಾವಾಸ್ಯೆಗೆ ಒಪ್ಪಿಕೊಂಡಿದ್ದ ಇನ್ನೆರಡು ಕೆಲಸಗಳನ್ನು ಫೋಟೋ ಸಮೇತ ವಾಪಸು ಕೊಟ್ಟರು. ಒಬ್ಬರು ಬೈದು ಹೋದರು. ದಸರಾ ಹೊತ್ತಿಗೆ ಅವರಿಗೆ ಟೀ ಲೋಟ ಹಿಡಿಯುವುದೂ ಕಷ್ಟವಾಗಿತ್ತು. ತಟ್ಟೆಗೆ ಸುರಿದುಕೊಂಡು, ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ಬಗ್ಗಿ ಕುಡಿಯುತ್ತಿದ್ದರು. ಹೋಟೆಲಿನಲ್ಲಿ ಈಗ ಯಾರೂ ಕುರ್ಚಿ ತಿರುಗಿಸುತ್ತಿರಲಿಲ್ಲ.

ರೇಣುಕಾಳನ್ನು ಕಳಿಸಿಕೊಡಲಿಲ್ಲ. ಚಿತ್ರ ಹೋಗಿದೆ ಎಂದು ಹಾಲಮ್ಮ ಬಸವಾಪಟ್ಟಣಕ್ಕೆ ಹೋಗಿ ಹೇಳಿದರು, ಪಾಲಯ್ಯನನ್ನೂ ಕರೆದುಕೊಂಡು ಹೋಗಿದ್ದರು. ಸಿದ್ದಮ್ಮ ಇಬ್ಬರಿಗೂ ಊಟ ಬಡಿಸಿದರು. ಕೊಟ್ಟ ಮಾತು ನೆನಪಿದೆ, ಆದರೆ ಮನೆಯ ಗಂಡಸರು ಒಪ್ಪುತ್ತಿಲ್ಲ ಎಂದರು. "ಚಿತ್ರ ಅಳಿಸಿದ್ರೇನಾತು, ಕುಂತಿದ್ದಂತೂ ಕುಂತಾಗೈತಲ್ಲ ಅಂತಾರೆ. ನಾನೇನು ಹೇಳ್ಲಿ ಬೀಗ್ರೇ?" ಮಲಗಿದ್ದ ಮಗಳನ್ನು ಎಬ್ಬಿಸದೆ, ಕೌದಿಯನ್ನು ಅವಳ ಪಕ್ಕದಲ್ಲಿಟ್ಟು ಹಾಲಮ್ಮ ಬಂದರು. ಇದೆಲ್ಲ ಹಾಲಮ್ಮ ಹೇಳಿದ್ದು.

ಹೆರಿಗೆ ಬಸವಾಪಟ್ಟಣದಲ್ಲೇ ಆಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹಾಲಮ್ಮ ಮೊಮ್ಮಗಳನ್ನು ನೋಡಿದ್ದು ತೊಟ್ಟಿಲಿಗೆ ಹಾಕಿದ ದಿನ, ಬಂದ ನೆಂಟರ ಜೊತೆ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು.

ಮೊನ್ನೆ ಬಸ್ಸು ಸರಿಯಾಗುವವರೆಗೆ ಗಾಡಿಯ ಹತ್ತಿರ ಹೋಗಿ ಕುಳಿತೆ. ಹಾಲಮ್ಮ ಗುರುತು ಹಿಡಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಪಾಲಯ್ಯ ಕೋಣೆ ಬಿಟ್ಟು ಸೊಕ್ಕೆಗೆ, ತಂಗಿಯ ಮನೆಗೆ ಹೋಗಿ ಕೆಲವು ವರ್ಷಗಳಾದವು ಎಂದರು. ಗೌರಮ್ಮನ ಚಿತ್ರ ಹೊನ್ನಾಳಿಯಲ್ಲಿ ನಾಗರಾಜಪ್ಪನವರ ನಡುಮನೆಯಲ್ಲಿದೆ. ಅದನ್ನು ಅವತ್ತೇ ಹೋಗಿ ನಾನು ನೋಡಿದೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಗಾಜು ಹಾಕಿಸಿದ್ದಾರೆ. ಹಾಲಮ್ಮ ಅದನ್ನು ನೋಡಿಲ್ಲ.

ಹೋದ ತಿಂಗಳು ಅವರು ಗಾಡಿಗೆ ರಜೆ ಹಾಕಿ, ಹೊನ್ನಾಳಿ, ದಾವಣಗೆರೆ, ಜಗಳೂರು ಎಂದು ಬಸ್ಸು ಬದಲಿಸಿಕೊಂಡು ಸೊಕ್ಕೆಗೆ ಹೋಗಿ ಬಂದಿದ್ದಾರೆ. ಪಾಲಯ್ಯನವರಿಗೆ ಕೈಯ ಜೊತೆಗೆ ನೆನಪೂ ಹೋಗುತ್ತಿದೆ. ತಂಗಿ ಅನ್ನ ಕಲಸಿ ಬಾಯಿಗಿಡುತ್ತಾರೆ.

"ಬಾಗಿಲಾಗೆ ಬೆಳಕಿಗೆ ಮುಖ ಕೊಟ್ಟು ನಿಂತೆ" ಎಂದರು ಹಾಲಮ್ಮ. "ಬಾಳ ಹೊತ್ತು ನೋಡಿದ್ರು. ಆಮೇಲೆ, ಬಾರವ್ವ ಗೌರಮ್ಮ, ಕುಂತ್ಕ, ನಿನ್ನ ಮಗ ಬರ್‍ಲಿಲ್ಲೇನು ಅಂದ್ರು."

"ನೀವೇನಂದಿರಿ?"

"ಬರ್‍ತಾನೆ ಅಂದೆ. ಕುಂತೆ."

ಆ ದಿನ ಸಂಜೆಯ ಬಸ್ಸಿಗೆ ಹಾಲಮ್ಮ ಹೊರಡುವವರೆಗೂ ಪಾಲಯ್ಯ ಅವರನ್ನು ಗೌರಮ್ಮ ಎಂದೇ ಕರೆದರು.